ತೋಳಿನ ಅಳತೆ ಪಟ್ಟಿ: ಬಣ್ಣ ನೋಡಿದರೆ ಸಾಲದು, ಅಂಕಿಯನ್ನೂ ಓದಿ

ಅಪೌಷ್ಟಿಕ ಮಕ್ಕಳನ್ನು ಗುರುತಿಸಲು ಬಳಸುವ ಕೆಂಪು, ಹಳದಿ, ಹಸಿರು ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನು ಕ್ಷೇತ್ರದಲ್ಲಿ 'ಮುವಾಕ್ ಟೇಪ್' ಅನ್ನುತ್ತಾರೆ ('ಮುವಾಕ್' ಅಂದರೆ ತೋಳಿನ ನಡುಭಾಗದ ಸುತ್ತಳತೆ ಎಂಬುದರ ಇಂಗ್ಲಿಷ್ ಕಿರುರೂಪ). 6ರಿಂದ 59 ತಿಂಗಳ ಮಕ್ಕಳ ತೋಳಿನ ಸುತ್ತಳತೆಗೆ ಇದೊಂದು ಸಾಕು. ತಕ್ಕಡಿಯೂ ಬೇಡ, ಹುಟ್ಟಿದ ತಾರೀಖೂ ಬೇಡ. ಒಂದರಿಂದ ಐದು ವರ್ಷದವರೆಗೆ ಚೆನ್ನಾಗಿ ಉಂಡು ಬೆಳೆಯುವ ಮಗುವಿನ ತೋಳಿನ ಸುತ್ತಳತೆ ಅಷ್ಟಾಗಿ ಬದಲಾಗುವುದಿಲ್ಲ. ಮಗು ಸೊರಗಿದರೆ ಅಲ್ಲಿನ ಸ್ನಾಯು, ಕೊಬ್ಬು ಎರಡೂ ಕರಗುತ್ತವೆ.

11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಲ್ಲಿಂದ 12.5ರೊಳಗೆ ಹಳದಿ, 12.5 ಮುಟ್ಟಿದರೆ ಹಸಿರು. ಹಳೆಯ ದಾಸ್ತಾನಿನ ಪಟ್ಟಿ ಸಿಕ್ಕರೆ ಮೊದಲು ಕೆಂಪಿನ ಗಡಿ ನೋಡಿ. 11.0 ಇದ್ದದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ 2009ರಲ್ಲಿ 11.5ಕ್ಕೆ ಏರಿಸಿದವು.

ಅಳೆಯುವುದು ಎಡತೋಳನ್ನು, ಅದೂ ಬರಿಮೈ ಮೇಲೆ. ಮಗು ಅಮ್ಮನ ತೊಡೆಯ ಮೇಲಿರಲಿ. ಮೊಣಕೈ ಮಡಿಸಿ, ಭುಜದ ತುದಿಯ ಮೂಳೆಯಿಂದ ಮೊಣಕೈ ತುದಿಯವರೆಗೆ ದಾರ ಹಿಡಿಯಿರಿ. ದಾರವನ್ನು ಎರಡಾಗಿ ಮಡಿಸಿದರೆ ನಟ್ಟನಡು ಸಿಗುತ್ತದೆ, ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕೈ ಸಡಿಲವಾಗಿ ಇಳಿಬಿಡಬೇಕು. ಪಟ್ಟಿಯ ತುದಿಯನ್ನು ಸೀಳಿನಲ್ಲಿ ತೂರಿಸಿ, ಗುರುತಿನ ಮೇಲೆ ಸುತ್ತಿ, ಪಟ್ಟಿಯಲ್ಲೇ ಇರುವ ಪುಟ್ಟ ಕಿಟಕಿಯಲ್ಲಿ ಬಾಣದ ಎದುರಿನ ಅಂಕಿ ಓದಿ.

ಎಡವುವುದು ಎಳೆಯುವಾಗ. ಪಟ್ಟಿಯ ಅಂಚಿನಲ್ಲಿ ಚರ್ಮ ಉಬ್ಬಿದರೆ ಬಿಗಿಯಾಯಿತು, ಪಟ್ಟಿಯಡಿ ಸಂದು ಕಂಡರೆ ಸಡಿಲವಾಯಿತು. 11.4ಕ್ಕೂ 11.6ಕ್ಕೂ ನಡುವೆ ಇರುವುದು ಎರಡೇ ಮಿಲಿಮೀಟರ್, ಆದರೆ ಬಣ್ಣವೇ ಬೇರೆ. ಅದಕ್ಕೇ ರಿಜಿಸ್ಟರಿನಲ್ಲಿ ಬಣ್ಣದ ಜೊತೆ ಅಂಕಿಯನ್ನೂ ಬರೆಯಬೇಕು. ಮುಂದಿನ ಸಲ 11.9 ಇದ್ದದ್ದು 11.6 ಆದರೆ ಬಣ್ಣ ಹಳದಿಯೇ, ಮಗು ಮಾತ್ರ ಇಳಿಯುತ್ತಿದೆ.

ಕಾಗದದ ಮೇಲೆ ಪ್ರಿಂಟ್ ತೆಗೆದ ಪಟ್ಟಿಯನ್ನು ನಾವು ಒಪ್ಪುವುದಿಲ್ಲ. ಪ್ರಿಂಟರ್ ಪುಟಕ್ಕೆ ಹೊಂದಿಸಲು ಶೇ 95ಕ್ಕೆ ಕುಗ್ಗಿಸಿತು ಅನ್ನಿ: 11.2 ಸೆಂ.ಮೀ. ತೋಳು 11.8 ಎಂದು ತೋರಿಸಿ, ಚಿಕಿತ್ಸೆ ಬೇಕಾದ ಮಗು ಹಳದಿಗೆ ಜಾರುತ್ತದೆ. ಪ್ಲಾಸ್ಟಿಕ್ ಪಟ್ಟಿಯಾದರೂ ಸರಿಯೇ, ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು 10 ಸೆಂ.ಮೀ. ತಾಳೆ ನೋಡಿ. ಸೀಳು ಹರಿದಿದ್ದರೆ ಎಸೆಯಿರಿ.

ಪಟ್ಟಿಯ ಮಿತಿ ಗೊತ್ತಿರಲಿ. ಮಗು ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು ಇದಕ್ಕೆ ಕಾಣದು. ಎತ್ತರಕ್ಕೆ ತಕ್ಕ ತೂಕವಿಲ್ಲದ ಕೆಲವು ಮಕ್ಕಳೂ ಹಸಿರಿನಲ್ಲೇ ಉಳಿಯುತ್ತಾರೆ, ಹಾಗಾಗಿ ಪಟ್ಟಿ ಬಂತೆಂದು ಅಂಗನವಾಡಿಯ ತೂಕ, ಎತ್ತರ ಬಿಡಬೇಡಿ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ನೋಡುವುದನ್ನೂ ಮರೆಯಬಾರದು. ಎರಡರಲ್ಲೂ ಕುಳಿ ಉಳಿದರೆ ಅದು ಬಾವು. ಬಣ್ಣ ಹಸಿರಿದ್ದರೂ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಕೆಂಪು ಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಹಸಿವಿಲ್ಲದ, ಜ್ವರ ಅಥವಾ ಭೇದಿ ಇರುವ ಮಗುವಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ದಾಖಲಾತಿ ಬೇಕಾಗಬಹುದು. ಬಡಕಲಾಯಿತೆಂದು ಮನೆಯಲ್ಲಿ ಒಮ್ಮೆಲೇ ಹೊಟ್ಟೆ ಬಿರಿಯೆ ಉಣಿಸಲು ಹೋಗಬೇಡಿ. ತೀರಾ ಸೊರಗಿದ ದೇಹದಲ್ಲಿ ಲವಣಗಳ ಸಮತೋಲನ ತಪ್ಪಿ ಜೀವಕ್ಕೇ ಕುತ್ತು ಬಂದೀತು. ಪುನಶ್ಚೇತನ ಕೇಂದ್ರದಲ್ಲಿ ಮೊದಲ ದಿನಗಳಲ್ಲಿ ಎರಡು-ಮೂರು ಗಂಟೆಗೊಮ್ಮೆ, ತೂಕ ನೋಡಿ, ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ.