‘ಆಟೋಕ್ರಾಸ್‌ಗೆ ರೆಡಿ’ ಅಂತ ಮಾರೋ ಹಳೇ ಕಾರು: ನನಗೆ ಸಿಕ್ಕಿದ್ದೇನು, ಅವನು ಹೇಳಿದ್ದೇನು

ಪೂರ್ತಿ ಓದೋ ತಾಳ್ಮೆ ಇಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಆಟೋಕ್ರಾಸ್ (ಖಾಲಿ ಜಾಗದಲ್ಲಿ ಕೋನ್ ಇಟ್ಟು, ಅವುಗಳ ಮಧ್ಯೆ ಎಷ್ಟು ಬೇಗ ಕಾರು ಓಡಿಸ್ತೀರಿ ಅಂತ ನೋಡೋ ಸ್ಪರ್ಧೆ) ಶುರು ಮಾಡೋಣ ಅಂತ ಕಡಿಮೆ ಬೆಲೆಯ ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ತಿದ್ರೆ, ಬೇರೆ ಯಾರೋ ‘ರೇಸಿಗೆ ರೆಡಿ ಮಾಡಿಟ್ಟ’ ಗಾಡಿ ತಗೋಬೇಡಿ. ಯಾರೂ ಕೈ ಹಾಕದ, ಕಂಪನಿಯಿಂದ ಬಂದ ಹಾಗೇ ಇರೋದನ್ನ ತಗೊಳ್ಳಿ. ಬಣ್ಣ ಮಾಸಿದ್ರೂ ಪರವಾಗಿಲ್ಲ, ಸೀಟು ಹರಿದಿದ್ರೂ ಪರವಾಗಿಲ್ಲ. ಅಂಥ ‘ರೆಡಿ’ ಗಾಡಿ ತಗೊಂಡು ಮೋಸ ಹೋಗಿ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ. ಹಿಂದೆಮುಂದೆ ಆದ್ರೆ ಹೊಂದಿಸ್ಕೊಂಡು ಓದಿ.

ಜಾಹೀರಾತಲ್ಲಿ ಇದ್ದಿದ್ದು: ಕಾಯಿಲೋವರ್ ಸಸ್ಪೆನ್ಷನ್ (ಗಾಡಿ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ), ಸೆಮಿ ಸ್ಲಿಕ್ ಟೈರು (ಗೆರೆ ಕಡಿಮೆ, ಹಿಡಿತ ಜಾಸ್ತಿ), ಪ್ಲೇಟ್ ಟೈಪ್ ಎಲ್‌ಎಸ್‌ಡಿ, ಬಕೆಟ್ ಸೀಟು, ಸ್ಟ್ರಟ್ ಬ್ರೇಸ್ (ಬಾನೆಟ್ ಒಳಗೆ ಎರಡು ಕಡೆಯ ಸಸ್ಪೆನ್ಷನ್ ಮೇಲ್ತುದಿ ಸೇರಿಸೋ ಸರಳು). ಎಲ್‌ಎಸ್‌ಡಿ ಅಂದ್ರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಒಂದೇ ಚಕ್ರ ಸುಮ್ಮನೆ ಗಿರಕಿ ಹೊಡೆಯದ ಹಾಗೆ ತಡೆಯೋದು. ‘ಕೀ ತಿರುಗಿಸಿ, ಕೋನ್ ಮಧ್ಯೆ ಬಿಡಿ, ಅಷ್ಟೇ.’ ‘ಬಿಗಿನರ್‌ಗೆ ಹೇಳಿ ಮಾಡಿಸಿದ ಗಾಡಿ.’ ಈ ಸಾಮಾನನ್ನೆಲ್ಲ ಹೊಸದಾಗಿ ಕೊಂಡು ಹಾಕಿಸೋ ಖರ್ಚಿಗಿಂತ ಇಡೀ ಕಾರಿನ ಬೆಲೆ ಕಡಿಮೆ! ಮಾಡೆಲ್ ಹೇಳಲ್ಲ, ಗಾಡಿದೇನೂ ತಪ್ಪಿಲ್ಲ ಪಾಪ. ಎಲ್ಲರೂ ಹೇಳೋ ಮಿಯಾಟಾ, ಅಂದ್ರೆ ಮಾಜ್ಡಾ ಎಂಎಕ್ಸ್-5, ಅಲ್ಲ, ಅಷ್ಟು ಹೇಳ್ತೀನಿ. 1989ರಲ್ಲಿ ಬಂದಾಗಿನಿಂದ ಮಾಜ್ಡಾ ಎಂಎಕ್ಸ್-5ನ ಆಟೋಕ್ರಾಸ್‌ನೋರು ಹೊಗಳ್ತಾನೇ ಇದ್ದಾರೆ. ಮೊದಲಿನದು ಹತ್ತಿರಹತ್ತಿರ ಒಂದು ಟನ್ ತೂಕ, ಪವರ್ ಹಿಂದಿನ ಚಕ್ರಕ್ಕೆ, ಒಪ್ಪೋಣ. ಆದ್ರೆ ಅದು ಅಗ್ಗಕ್ಕೆ ಸಿಕ್ಕಿದ್ರೆ ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದಿರುತ್ತೆ, ಸಿಲ್ ಗಟ್ಟಿ ಇದ್ರೆ ಬೆಲೆ ಅಗ್ಗ ಇರಲ್ಲ. ನಾನು ನೋಡಿದ್ದು ಸಾಧಾರಣ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಹೊಸಬರಿಗೆ ಅದು ಸಾಕೇ ಸಾಕು. ಒಂದು ರನ್ ಅಂದ್ರೆ ಒಂದು ನಿಮಿಷದ ಆಚೀಚೆ, ಮುಕ್ಕಾಲು ಪಾಲು ಸೆಕೆಂಡ್ ಗೇರಲ್ಲೇ ಮುಗಿದುಹೋಗುತ್ತೆ.

‘ನೋಡದೇ ತಗೊಂಡ್ಯಾ?’ ಅಂತ ಈಗ ಎಲ್ಲರೂ ಕೇಳ್ತಾರೆ. ನೋಡಿದ್ದೀನಿ ಸ್ವಾಮಿ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಸ್ಕ್ಯಾನರ್ ಜೇಬಲ್ಲಿ ಇಟ್ಕೊಂಡೇ ಹೋಗಿದ್ದೆ. ‘ಎಂಜಿನ್ ತಣ್ಣಗಿರಲಿ, ನಾನು ಬಂದಮೇಲೆ ಸ್ಟಾರ್ಟ್ ಮಾಡಿ’ ಅಂತ ಮಾರೋನಿಗೆ ಫೋನಲ್ಲಿ ಹೇಳಿಯೇ ಹೋಗಿದ್ದೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ್ರೇ ಒಳಗಿನ ರೋಗ ಚೆನ್ನಾಗಿ ಗೊತ್ತಾಗೋದು. ಹೋಗಿ ಬಾನೆಟ್ ಮುಟ್ಟಿದ್ರೆ ಸುಡ್ತಿದೆ.

‘ನಿಮಗೋಸ್ಕರ ಪೆಟ್ರೋಲ್ ಹಾಕಿಸ್ಕೊಂಡು ಬಂದೆ ಸರ್, ಖಾಲಿ ಟ್ಯಾಂಕಲ್ಲಿ ತೋರಿಸೋದು ಚೆನ್ನಾಗಿರಲ್ಲ ಅಂತ.’

ಇದಕ್ಕೆ ಏನಂತ ಜಗಳ ಆಡ್ತೀರಾ? ಬಾನೆಟ್ ಒಳಗೆ ಒಂದು ಹನಿ ಆಯಿಲ್ ಇಲ್ಲ, ಎಲ್ಲ ತೊಳೆದು ಪಾಲಿಶ್ ಹೊಡೆದಿಟ್ಟಿದ್ದ. ಸ್ಕ್ಯಾನರ್ ಹಾಕಿದೆ, ಒಂದೂ ಕೋಡ್ ಬರಲಿಲ್ಲ. ‘ನೋಡಿ ಸರ್, ಕ್ಲೀನ್!’ ಅಂತ ನನಗಿಂತ ಮೊದಲೇ ಅವನೇ ಹೇಳಿದ. ಕೋಡ್ ಅಳಿಸಿದ್ರೂ ಅದೇ ‘ಕ್ಲೀನ್’ ಬರುತ್ತೆ. ಅದರ ಪಕ್ಕದಲ್ಲಿ ರೆಡಿನೆಸ್ ಮಾನಿಟರ್ ಅಂತ ಇನ್ನೊಂದು ಪುಟ ಇರುತ್ತಲ್ಲ, ಕೋಡ್ ಅಳಿಸಿದಮೇಲೆ ಗಾಡಿ ಸಾಕಷ್ಟು ಓಡೋವರೆಗೂ ಅದು ‘ಇನ್ಕಂಪ್ಲೀಟ್’ ಅಂತಲೇ ತೋರಿಸುತ್ತೆ. ಆ ಪುಟ ತೆಗೆಯೋಕೆ ಅವನು ಬಿಡಲೇ ಇಲ್ಲ. ‘ಬನ್ನಿ ಸರ್, ಓಡಿಸಿ ನೋಡಿ, ಗಾಡಿ ಮಾತಾಡ್ಬೇಕು, ಮಷೀನ್ ಅಲ್ಲ’ ಅಂತ ಎಳ್ಕೊಂಡು ಹೋಗಿ ಡ್ರೈವರ್ ಸೀಟಲ್ಲಿ ಕೂರಿಸಿದ.

ಟೆಸ್ಟ್ ಡ್ರೈವ್ ಉದ್ದಕ್ಕೂ ಪಕ್ಕದಲ್ಲಿ ಕೂತು ಬಾಯಿ ಮುಚ್ಚಲಿಲ್ಲ. ಸ್ಪೀಕರ್ ಚೆನ್ನಾಗಿದೆ ಕೇಳಿ ಅಂತ ಜೋರಾಗಿ ಹಾಡು ಹಾಕಿದ. ನಾನೇ ಆಫ್ ಮಾಡಿದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಬಿಟ್ಟೆ. ಟಕ್ ಟಕ್ ಟಕ್ ಟಕ್.

‘ಇದೇನು ಸದ್ದು?’ ಅಂದೆ.

ನಕ್ಕ. ನಿಜವಾಗ್ಲೂ ನಕ್ಕ. ‘ಸರ್, ಅದು ಎಲ್‌ಎಸ್‌ಡಿ. ಪ್ಲೇಟ್ ಟೈಪ್ ಇದ್ರೆ ತಿರುವಲ್ಲಿ ಸದ್ದು ಬರ್ಲೇಬೇಕು. ಬರದಿದ್ರೆ ನೀವು ಭಯಪಡಬೇಕು.’

ಇವನ ಜಾಣತನ ಇರೋದೇ ಇಲ್ಲಿ. ಪ್ಲೇಟ್ ಟೈಪ್ ಎಲ್‌ಎಸ್‌ಡಿ ಬಿಗಿ ತಿರುವಲ್ಲಿ ಸದ್ದು ಮಾಡೋದು ಸತ್ಯ. ಗೊತ್ತಿರೋರು ಯಾರನ್ನ ಕೇಳಿದ್ರೂ ಹೌದು ಅಂತಾರೆ. ನಾನೂ ಓದಿದ್ದೆ. ಹಾಗಾಗಿ ಅವನು ಹೇಳಿದ್ದು ಕೇಳಿ ಅನುಮಾನ ಬರೋ ಬದಲು, ಓಹೋ ಇವನಿಗೆ ವಿಷಯ ಗೊತ್ತು ಅನ್ನಿಸ್ತು. ಸುಳ್ಳು ಹೇಳಿದ್ರೆ ಹಿಡೀಬಹುದಿತ್ತು, ಸತ್ಯ ತಂದು ಇನ್ನೊಂದರ ಮೇಲೆ ಮುಚ್ಚಿದ್ರೆ ಹೇಗೆ ಹಿಡೀತೀರಾ! ದುಡ್ಡು ಕೊಟ್ಟೆ, ಕಾಗದಪತ್ರಕ್ಕೆ ಸಹಿ ಆಯ್ತು. ‘ಹೆಲ್ಮೆಟ್ ಫ್ರೀ ಸರ್, ನಿಮ್ಮ ಮೊದಲ ಈವೆಂಟ್‌ಗೆ ನನ್ನ ಕಡೆಯಿಂದ’ ಅಂತ ಒಂದು ಹೆಲ್ಮೆಟ್ ಬೇರೆ ಕೈಗಿಟ್ಟ.

ಆ ಮೊದಲ ಈವೆಂಟ್ ಕಥೆ ಕೇಳಿ. ಸ್ಕ್ರೂಟಿನಿ (ಓಡಿಸೋಕೆ ಮುಂಚಿನ ಗಾಡಿ ತಪಾಸಣೆ) ಸಾಲಲ್ಲಿ ನನ್ನ ಮುಂದೆ ಹಿಂದೆ ದಿನಾ ಆಫೀಸಿಗೆ ಓಡಿಸೋ ಕಾರುಗಳು, ಒಂದರ ಹಿಂದಿನ ಸೀಟಲ್ಲಿ ಮಗುವಿನ ಸೀಟಿನ ಗುರುತು ಇನ್ನೂ ಇದೆ. ನಂದು ಮಾತ್ರ ನೆಲಕ್ಕೆ ಅಂಟ್ಕೊಂಡು, ಬಕೆಟ್ ಸೀಟು ಹಾಕ್ಕೊಂಡು, ದೊಡ್ಡ ರೇಸ್ ಗಾಡಿ ಥರ ನಿಂತಿದೆ. ಇಬ್ಬರು ಬಂದು ಫೋಟೋ ತೆಗೆದ್ರು. ನಾನೂ ಎದೆ ಉಬ್ಬಿಸ್ಕೊಂಡು ನಿಂತಿದ್ದೆ.

ತಪಾಸಣೆಯವರು ಮೊದಲು ಹೆಲ್ಮೆಟ್ ಒಳಗಿನ ಸ್ಟಿಕ್ಕರ್ ನೋಡಿದ್ರು. ಸ್ನೆಲ್ ಎಸ್‌ಎ2005, ಅಂದ್ರೆ ಸ್ನೆಲ್ ಅನ್ನೋ ಸಂಸ್ಥೆ ರೇಸ್ ಹೆಲ್ಮೆಟ್‌ಗೆ ಕೊಡೋ ಸುರಕ್ಷತಾ ದರ್ಜೆ. ವಾಪಸ್ ಕೊಟ್ರು. ಸ್ನೆಲ್ ಎಸ್‌ಎ ದರ್ಜೆ 2010, 2015, 2020 ಅಂತ ಐದೈದು ವರ್ಷಕ್ಕೆ ಬದಲಾಗ್ತಾ ಬಂದಿದೆ, ಅಷ್ಟು ಹಳೇದನ್ನ ಒಪ್ಪಲ್ಲ. ಹೋಗ್ಲಿ, ಹೆಲ್ಮೆಟ್ ಅಲ್ಲೇ ಎರವಲು ಸಿಕ್ತಿತ್ತು. ಆಮೇಲೆ ಮುಂದಿನ ಎಡಗಡೆ ಚಕ್ರ ಜ್ಯಾಕ್ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ್ರು. ಕಟ ಕಟ ಅಂತು. ನನಗೆ ಕೇಳಿಸ್ತು, ಹಿಂದೆ ನಿಂತವರಿಗೂ ಕೇಳಿಸ್ತು. ವೀಲ್ ಬೇರಿಂಗ್ ಹೋಗಿದೆ. ಬಲಗಡೆ ಬಾಲ್ ಜಾಯಿಂಟ್ (ಚಕ್ರವನ್ನ ಸಸ್ಪೆನ್ಷನ್‌ಗೆ ಸೇರಿಸೋ ಕೀಲು) ಕೂಡ ಹೋಗಿದೆ. ಬ್ಯಾಟರಿಯನ್ನ ಕ್ಲ್ಯಾಂಪ್ ಹಾಕಿ ಬಿಗಿದಿರಬೇಕು ಅಲ್ವಾ, ಪ್ಲಾಸ್ಟಿಕ್ ಜಿಪ್ ಟೈಯಲ್ಲಿ ಕಟ್ಟಿದ್ದ. ಟೈರಿನ ಒಳಗಡೆ ಅಂಚಲ್ಲಿ ರಬ್ಬರ್ ಹೋಗಿ ತಂತಿ ಕಾಣ್ತಿತ್ತು. ಹೊರಗಿಂದ ನೋಡಿದ್ರೆ ಟೈರು ಚೆನ್ನಾಗೇ ಇದೆ!

ಕೊನೆಗೆ ಟಾರ್ಚ್ ಹಾಕಿ ಸ್ಟ್ರಟ್ ಟವರ್ (ಸಸ್ಪೆನ್ಷನ್ ಮೇಲ್ತುದಿ ಕೂರೋ ಬಾಡಿ ಭಾಗ) ನೋಡಿದ್ರು. ಆ ಹೊಳೆಯೋ ಬ್ರೇಸ್ ಕೆಳಗೆ ವೆಲ್ಡಿಂಗ್ ಗೆರೆ, ಪಕ್ಕದಲ್ಲಿ ಸುಕ್ಕುಗಟ್ಟಿದ ತಗಡು, ಅದರ ಮೇಲೆ ಬಣ್ಣ. ಗಾಡಿ ಎಲ್ಲೋ ಜೋರಾಗಿ ಹೊಡೆದಿದೆ. ಆ ಬ್ರೇಸ್ ಇದ್ದಿದ್ದೇ ಅದನ್ನ ಮುಚ್ಚೋಕೆ.

ಅವರು ಮೆತ್ತಗೆ, ಬೇರೆಯವರಿಗೆ ಕೇಳಿಸದ ಹಾಗೆ, ‘ಈ ಗಾಡಿ ಎಲ್ಲಿ ತಗೊಂಡ್ರಿ?’ ಅಂತ ಕೇಳಿದ್ರು. ಬೈದಿದ್ರೂ ಅಷ್ಟು ನಾಚಿಕೆ ಆಗ್ತಿರಲಿಲ್ಲ.

ಒಂದು ರನ್ ಕೂಡ ಸಿಗಲಿಲ್ಲ. ಇಡೀ ದಿನ ಬಿಸಿಲಲ್ಲಿ ನಿಂತು, ಬೇರೆಯವರು ಬೀಳಿಸಿದ ಕೋನ್ ಎತ್ತಿ ನಿಲ್ಲಿಸಿದೆ. ಆ ಮಗುವಿನ ಸೀಟಿನ ಕಾರು ಇತ್ತಲ್ಲ, ಅದರೋರು ಎಲ್ಲ ರನ್ನೂ ಮುಗಿಸಿ ನಗ್ತಾ ಮನೆಗೆ ಹೋದ್ರು.

ಗ್ಯಾರೇಜಲ್ಲಿ ಲಿಫ್ಟ್ ಮೇಲೆ ಹಾಕಿದಾಗ ಉಳಿದಿದ್ದೆಲ್ಲ ಹೊರಗೆ ಬಂತು. ಮುಂದಿನ ಎರಡೂ ಚಕ್ರ ಗಾಳಿಯಲ್ಲಿ, ಗೇರ್ ಹಾಕಿಟ್ಟು, ಮೆಕ್ಯಾನಿಕ್ ಒಂದು ಚಕ್ರ ಕೈಯಲ್ಲಿ ತಿರುಗಿಸಿದ್ರು. ಇನ್ನೊಂದು ಸಲೀಸಾಗಿ ಉಲ್ಟಾ ತಿರುಗ್ತು. ಪ್ಲೇಟ್ ಟೈಪ್ ಎಲ್‌ಎಸ್‌ಡಿ ಇದ್ರೆ ಅಷ್ಟು ಸುಲಭಕ್ಕೆ ತಿರುಗಲ್ಲ, ಬಿಗಿ ಹಿಡಿಯುತ್ತೆ. ಒಳಗೆ ಇದ್ದಿದ್ದು ಮಾಮೂಲಿ ಓಪನ್ ಡಿಫರೆನ್ಷಿಯಲ್. ಹಾಗಾದ್ರೆ ಆ ಟಕ್ ಟಕ್? ಸಿವಿ ಜಾಯಿಂಟ್ (ಚಕ್ರಕ್ಕೆ ಪವರ್ ಒಯ್ಯೋ ಶಾಫ್ಟಿನ ಕೀಲು) ಸವೆದು ಸತ್ತಿದೆ. ಕಾಯಿಲೋವರ್ ಎರಡರಲ್ಲಿ ಆಯಿಲ್ ಸೋರಿ ಶಾಕ್ ಅಬ್ಸಾರ್ಬರ್ ಖಾಲಿ, ಎತ್ತರ ಹೊಂದಿಸೋ ಕಾಲರ್ ತುಕ್ಕು ಹಿಡಿದು ಕೂತುಬಿಟ್ಟಿದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತಲ್ಲ, ಮೊದಲೆರಡು ವಾರ, ಕೊನೆಯೆರಡು ವರ್ಷ, 2317 ಅಂದ್ರೆ 2017ರ 23ನೇ ವಾರ. ಅದನ್ನ ನೋಡಿದ್ರೆ ನನ್ನ ‘ಸೆಮಿ ಸ್ಲಿಕ್’ ರಬ್ಬರ್ ಕಲ್ಲಾಗಿ ವರ್ಷಗಳೇ ಆಗಿತ್ತು. ಎರಡು ಕಡೆಯ ಕ್ಯಾಂಬರ್ (ಚಕ್ರದ ಓರೆ) ಒಂದಕ್ಕೊಂದು ಹೊಂದ್ತಾನೇ ಇರಲಿಲ್ಲ, ಹೊಡೆತ ತಿಂದ ಗಾಡಿ ಹೇಗೆ ಹೊಂದುತ್ತೆ.

ಇಷ್ಟಾದಮೇಲೂ ನನ್ನೊಳಗೆ ಒಂದು ಮೂಲೆಯಲ್ಲಿ, ಪಾಪ ಅವನಿಗೂ ಗೊತ್ತಿರಲಿಕ್ಕಿಲ್ಲ, ಹಳೇ ಗಾಡಿ ಅಂತ ಇತ್ತು. ಅದು ಹೋಗಿದ್ದು ಡ್ಯಾಶ್‌ಬೋರ್ಡ್ ದೀಪದಿಂದ.

ಮೆಕ್ಯಾನಿಕ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಸುಮ್ಮನೆ ಕೂತ್ರು. ಹೆಚ್ಚಿನ ಕಾರುಗಳಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು) ದೀಪ ಹತ್ತಿ, ಕೆಲವು ಸೆಕೆಂಡಲ್ಲಿ ತಾನಾಗೇ ಆರುತ್ತೆ. ಆಯಿಲ್ ದೀಪ ಮಾತ್ರ ಎಂಜಿನ್ ಸ್ಟಾರ್ಟ್ ಆಗಿ ಪ್ರೆಶರ್ ಬರೋವರೆಗೂ ಉರೀತಾನೇ ಇರುತ್ತೆ. ಇದರಲ್ಲಿ ಎರಡೂ ಉರೀತಾನೇ ಇದ್ವು. ಸ್ಟಾರ್ಟ್ ಮಾಡಿದ್ರು, ಎರಡೂ ಒಂದೇ ಕ್ಷಣಕ್ಕೆ ಆರಿದ್ವು. ಮೀಟರ್ ಬಿಚ್ಚಿ ನನ್ನ ಕರೆದು ತೋರಿಸಿದ್ರು: ಎಬಿಎಸ್ ದೀಪದ ವೈರು ಕತ್ತರಿಸಿ ಆಯಿಲ್ ದೀಪಕ್ಕೆ ಸೇರಿಸಿ, ಮೇಲೆ ನೀಟಾಗಿ ಟೇಪ್ ಸುತ್ತಿದೆ. ಎಬಿಎಸ್ ಯಾವತ್ತೋ ಕೆಟ್ಟಿದೆ. ದೀಪ ಮಾತ್ರ ಸರಿಯಾಗಿ ಹತ್ತಿ, ಸರಿಯಾಗಿ ಆರ್ತಿದೆ, ನೋಡೋಕೆ ಬಂದವರಿಗೋಸ್ಕರ.

ಬೇರಿಂಗ್ ತಾನಾಗೇ ಸವೆಯುತ್ತೆ. ವೈರು ತಾನಾಗೇ ಹೋಗಿ ಇನ್ನೊಂದು ವೈರಿಗೆ ಸುತ್ತಿಕೊಳ್ಳಲ್ಲ. ಯಾರೋ ಕೂತು, ಸಮಯ ಕೊಟ್ಟು, ಮಾಡಿದ್ದಾರೆ. ಈ ಗಾಡಿನ ನಾನು ಮಳೆಯಲ್ಲಿ ಮನೆಯವರನ್ನ ಕೂರಿಸ್ಕೊಂಡು ಓಡಿಸಿದ್ದೀನಿ. ಅದನ್ನ ನೆನೆಸ್ಕೊಂಡ್ರೆ ಈಗಲೂ ಕೈ ನಡುಗುತ್ತೆ.

ಮಾರಿದವನಿಗೆ ಫೋಟೋ ಸಮೇತ ಮೆಸೇಜ್ ಕಳಿಸಿದೆ. ಉತ್ತರಗಳು ಹೀಗೆ ಬಂದ್ವು:

‘ಸರ್ ರೇಸ್ ಗಾಡಿ ಅಂದ್ಮೇಲೆ ಇದೆಲ್ಲ ಕಾಮನ್.’

‘ನೀವೇ ಟೆಸ್ಟ್ ಡ್ರೈವ್ ಮಾಡಿ ತಗೊಂಡಿದ್ದಲ್ವಾ?’

‘ನನ್ನ ಹತ್ರ ಇದ್ದಾಗ ಸೂಪರ್ ಇತ್ತು. ಈವೆಂಟಲ್ಲಿ ನೀವು ಹೇಗೆ ಓಡಿಸಿದ್ರೋ ಏನೋ.’ ಈವೆಂಟಲ್ಲಿ ಓಡಿಸೋಕೇ ಬಿಡಲಿಲ್ಲ ಮಾರಾಯ! ಅದೇ ತಾನೇ ನನ್ನ ಗೋಳು!

ಎಬಿಎಸ್ ವೈರಿನ ಫೋಟೋಗೆ: ‘ರೇಸಲ್ಲಿ ಎಬಿಎಸ್ ಯಾರು ಸರ್ ಯೂಸ್ ಮಾಡ್ತಾರೆ.’

ವೆಲ್ಡಿಂಗ್ ಫೋಟೋಗೆ: ‘ನನಗಿಂತ ಹಿಂದಿನ ಓನರ್ ಮಾಡಿಸಿರಬೇಕು, ನನಗೆ ಗೊತ್ತಿಲ್ಲ.’ ಮಾರುವಾಗ ‘ಒಂದೊಂದು ಬೋಲ್ಟೂ ನನ್ನ ಕೈಯಲ್ಲೇ ಹಾಕಿದ್ದು ಸರ್’ ಅಂದಿದ್ದು ಇದೇ ಬಾಯಿ. ಹಾಗಂತ ಬರೆದೆ. ಅದಕ್ಕೆ ಬಂದಿದ್ದು: ‘ಆ ರೇಟಿಗೆ ಇನ್ನೇನು ಸಿಗುತ್ತೆ ಸರ್. ನೀವು ಬಿಗಿನರ್, ನಿಮಗೆ ಇದು ಸಾಕು.’

ಕೊನೇದು ಕೇಳಿ, ‘ಬೇಡ ಅಂದ್ರೆ ಅರ್ಧ ರೇಟಿಗೆ ನಾನೇ ವಾಪಸ್ ತಗೋತೀನಿ.’ ಅರ್ಧಕ್ಕೆ! ಆಮೇಲೆ ಇನ್ಯಾರಿಗೋ ಪೂರ್ತಿ ಬೆಲೆಗೆ ಮಾರೋಕೆ! ಆಗಲ್ಲ ಅಂದೆ, ಬ್ಲಾಕ್ ಮಾಡಿದ.

ತಗೊಳ್ಳೋಕೆ ಹೊರಟವರಿಗೆ ಹೇಳೋದಿಷ್ಟು. ಎಂಜಿನ್ ಬಿಸಿ ಇದ್ರೆ ಕಾರಣ ಏನೇ ಹೇಳಲಿ, ವಾಪಸ್ ಬನ್ನಿ, ಇನ್ನೊಂದು ದಿನ ಹೇಳದೆ ಹೋಗಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ದೀಪಗಳನ್ನ ನೋಡಿ, ಎಬಿಎಸ್, ಏರ್‌ಬ್ಯಾಗ್, ಎಂಜಿನ್ ದೀಪ ಮೂರೂ ಹತ್ತಲೇಬೇಕು. ಜ್ಯಾಕ್ ಹಾಕೋಕೆ ಬಿಡದ ಮನುಷ್ಯನ ಹತ್ರ ಮಾತು ಮುಂದುವರಿಸಬೇಡಿ. ಸ್ಟ್ರಟ್ ಟವರ್ ಎರಡೂ ಕಡೆ ಒಂದೇ ಥರ ಇದೆಯಾ ನೋಡಿ, ಟೈರಿನ ಒಳ ಅಂಚಿಗೆ ಕೈ ಹಾಕಿ. ನಿಮಗೆ ಗೊತ್ತಿರೋ ಗ್ಯಾರೇಜಲ್ಲಿ ಲಿಫ್ಟ್ ಮೇಲೆ ಹಾಕಿಸಿ, ‘ನನಗೆ ಟೈಮಿಲ್ಲ ಸರ್’ ಅಂದ್ರೆ ನಿಮಗೂ ಟೈಮಿಲ್ಲ ಅನ್ನಿ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಕಾಯಿಲೋವರ್, ಎಲ್‌ಎಸ್‌ಡಿ ಎಲ್ಲ ನಿಜವಾಗಿ ಚೆನ್ನಾಗಿದ್ರೂ ಹೊಸಬರಿಗೆ ನಷ್ಟವೇ, ಯಾಕಂದ್ರೆ ಮಾಡಿಫೈ ಮಾಡಿದಷ್ಟೂ ಗಾಡಿ ಸ್ಪರ್ಧೆಯ ಮೇಲಿನ ಕ್ಲಾಸಿಗೆ (ವಿಭಾಗಕ್ಕೆ) ಹೋಗುತ್ತೆ, ಅಲ್ಲಿರೋರು ವರ್ಷಾನುಗಟ್ಟಲೆ ಓಡಿಸಿದವರು. ಸ್ಟಾಕ್ ಗಾಡಿ (ಕಂಪನಿಯಿಂದ ಬಂದ ಹಾಗೇ ಇರೋದು), ಒಳ್ಳೆ ಟೈರು, ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್, ಮುಗೀತು. ಅದಕ್ಕೂ ಮೊದಲು ಈವೆಂಟಿಗೆ ಬರಿಗೈಯಲ್ಲಿ ಹೋಗಿ ಕೋ-ಡ್ರೈವ್ ಕೇಳಿ, ಒಂದೇ ಕಾರನ್ನ ಇಬ್ಬರು ಓಡಿಸೋದು ಆಟೋಕ್ರಾಸಲ್ಲಿ ಮಾಮೂಲಿ. ನನಗೆ ಕೋನ್ ಎತ್ತೋವಾಗ ಪಕ್ಕದಲ್ಲಿದ್ದವರು ತಾವಾಗೇ ಕರೆದ್ರು, ಮುಂದಿನ ಸಲ ಅವರ ಕಾರಲ್ಲೇ ಓಡಿಸ್ತೀನಿ.

‘ಒಳ್ಳೆ ಮಾತಲ್ಲಿ ಕೇಳಬೇಕಿತ್ತು, ದುಡ್ಡು ವಾಪಸ್ ಕೊಡ್ತಿದ್ದನೇನೋ’ ಅಂತ ಹೇಳೋರಿಗೆ: ಒಳ್ಳೆ ಮಾತಲ್ಲೇ ಕೇಳಿದ್ದೀನಿ. ಮೊದಲ ಮೆಸೇಜನ್ನ ‘ಸರ್, ದಯವಿಟ್ಟು ತಪ್ಪು ತಿಳೀಬೇಡಿ’ ಅಂತಲೇ ಶುರು ಮಾಡಿದ್ದೆ.