ಬ್ಯಾಂಕಾಕ್ ಕಾಲುವೆ ಬೋಟು, ಅಲ್ಲಿಂದ ಇಳಿದು ತಿಂದ ತಿಂಡಿಗಳು

ಬ್ಯಾಂಕಾಕ್‌ನಲ್ಲಿ ಐದು ದಿನ ಇದ್ದೆವು. ಮೊದಲೆರಡು ದಿನ ಟ್ಯಾಕ್ಸಿಯಲ್ಲೇ ಹಾಳಾಯಿತು. ಸುಖುಮ್‌ವಿತ್ ರಸ್ತೆಯಲ್ಲಿ ಸಂಜೆ ಸಿಕ್ಕಿಹಾಕಿಕೊಂಡರೆ ಪಕ್ಕದಲ್ಲಿ ನಡೆದು ಹೋಗುವವರೇ ಮುಂದೆ ಹೋಗಿಬಿಡುತ್ತಾರೆ. ಟುಕ್-ಟುಕ್‌ನವನೊಬ್ಬ ಸ್ವಲ್ಪ ದೂರಕ್ಕೆ 200 ಬಹ್ತ್ ಕೇಳಿದ. ಮೂರನೇ ದಿನ ಸೇನ್ ಸೇಪ್ ಕಾಲುವೆಯ ಬೋಟು ಹತ್ತಿದ ಮೇಲೆ ಮತ್ತೆ ಟ್ಯಾಕ್ಸಿ ಕಡೆ ನೋಡಲಿಲ್ಲ.

ಈ ಕಾಲುವೆ ತೋಡಲು ಶುರು ಮಾಡಿದ್ದು 1837ರಲ್ಲಿ, ಮೂರನೇ ರಾಮ ಅನ್ನುವ ಥಾಯ್ ರಾಜನ ಕಾಲದಲ್ಲಿ, ಯುದ್ಧಕ್ಕೆ ಸೈನ್ಯ ಸಾಗಿಸಲು. ಈಗ ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಮಾರ್ಕೆಟ್ ಚೀಲ ಹಿಡಿದ ಹೆಂಗಸರು ಎಲ್ಲರೂ ಇದರಲ್ಲೇ. ಟಿಕೆಟ್ 20 ಬಹ್ತ್ ಆಸುಪಾಸು ಅಷ್ಟೇ. ಹೆಲ್ಮೆಟ್ ಹಾಕಿದ ಕಂಡಕ್ಟರ್ ಬೋಟಿನ ಹೊರ ಅಂಚಿನ ಮೇಲೆ ನಡೆಯುತ್ತಾ, ಹಗ್ಗ ಹಿಡಿದುಕೊಂಡು ದುಡ್ಡು ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಕೈಯಲ್ಲೇ ಇಟ್ಟುಕೊಂಡಿರಿ. ಎದುರಿನಿಂದ ಇನ್ನೊಂದು ಬೋಟು ಬಂದರೆ ನೀರು ಎರಚುತ್ತದೆ, ಆಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲು ಮೇಲೆತ್ತಬೇಕು. ನೀರು ಕಪ್ಪು, ವಾಸನೆ ಇದೆ, ಸುಳ್ಳು ಹೇಳುವುದಿಲ್ಲ. ಬೋಟು ನಿಲ್ಲುವುದೂ ಕೆಲವೇ ಕ್ಷಣ. ಅಮ್ಮನಿಗೆ ಮಂಡಿನೋವು, ಕಂಡಕ್ಟರ್ ಕೈಹಿಡಿದು ಇಳಿಸಿದರು, ಆದರೂ ಅಮ್ಮ ಇನ್ನೊಂದು ಸಲ ಹತ್ತಲು ಒಪ್ಪಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚಿಸಿ.

ಪ್ರತುನಾಮ್‌ನಲ್ಲಿ ಇಳಿದು ಬೋಟು ಬದಲಿಸಬೇಕು. ಕೊನೆಯ ನಿಲ್ದಾಣ ಫಾನ್ ಫಾ. ಅಲ್ಲಿಂದ ಹಳೇ ಊರು ಶುರು, ತಿನ್ನುವ ಕೆಲಸವೂ ಶುರು.

ನನಗೆ ತುಂಬಾ ಇಷ್ಟವಾಗಿದ್ದು ಖನೋಮ್ ಕ್ರೋಕ್. ಗಾಡಿಯ ಮೇಲೆ ಥೇಟ್ ನಮ್ಮ ಪಡ್ಡಿನ ಹಂಚು! ಅಕ್ಕಿಹಿಟ್ಟು, ತೆಂಗಿನಹಾಲು, ಸ್ವಲ್ಪ ಸಕ್ಕರೆ. ಹೊಯ್ದು ಮುಚ್ಚುತ್ತಾರೆ, ಬೆಂದ ಮೇಲೆ ಚಮಚದಲ್ಲಿ ಎಬ್ಬಿಸಿ ಎರಡೆರಡನ್ನು ಒಂದರ ಮೇಲೊಂದು ಮುಚ್ಚಿ ಕೊಡುತ್ತಾರೆ. ತಳ ಗರಿಗರಿ, ಒಳಗೆ ಗಟ್ಟಿ ಪಾಯಸದ ಹಾಗೆ. ಮೇಲೆ ಈರುಳ್ಳಿ ಸೊಪ್ಪೋ ಜೋಳವೋ ಉದುರಿಸಿರುತ್ತಾರೆ, ಸಿಹಿ ಜೊತೆ ಈರುಳ್ಳಿ ಹೇಗೆ ಅಂತ ಅನ್ನಿಸಿತ್ತು, ತಿಂದ ಮೇಲೆ ಇನ್ನೊಂದು ತಟ್ಟೆ ತೆಗೆದುಕೊಂಡೆ. ಬಿಸಿ ಇದ್ದಾಗಲೇ ತಿನ್ನಿ, ಆರಿದರೆ ಮೆತ್ತಗಾಗಿಬಿಡುತ್ತದೆ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದುಕೊಂಡು ಹೋಗಿ. ಪಪ್ಪಾಯಿ ಕಾಯಿಯನ್ನು ಒರಳಲ್ಲಿ ಕುಟ್ಟಿ ಮಾಡುವ ಸೋಮ್ ತಮ್ ನೋಡಲು ಬರೀ ತರಕಾರಿ, ಆದರೆ ಅದಕ್ಕೂ ಮೀನಿನ ಸಾಸು, ಒಣ ಸಿಗಡಿ ಬೀಳುತ್ತದೆ. ಹುರಿದ ನೂಡಲ್ಸ್ ಪ್ಯಾಡ್ ಥಾಯ್ ಕಥೆಯೂ ಇದೇ. ಮಾಂಸ ಬೇಡ ಅಂದರೆ ಸಾಲದು. "ಜೇ" ಅನ್ನಿ, ಅಂದರೆ ಶುದ್ಧ ಸಸ್ಯಾಹಾರ. ಹಳದಿ ಬಾವುಟದ ಮೇಲೆ ಕೆಂಪಗೆ, ನಮ್ಮ ಕಣ್ಣಿಗೆ 17 ಅನ್ನುವ ಹಾಗೆ ಕಾಣುವ ಈ ಪದದ ಥಾಯ್ ಅಕ್ಷರ ಇದ್ದರೆ ಅಲ್ಲಿ ಮೀನಿನ ಸಾಸು ಇಲ್ಲ, ಮೊಟ್ಟೆ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಮ್ಮ ಮನೆಯವರಿಗೆ ಇದು ದೊಡ್ಡ ನೆಮ್ಮದಿ ಆಯಿತು. ಮಾವಿನಹಣ್ಣಿನ ಜೊತೆ ತೆಂಗಿನಹಾಲು ಹಾಕಿದ ಅಂಟು ಅಕ್ಕಿ ಅನ್ನ ಎಲ್ಲರಿಗೂ ಹಿಡಿಸಿತು.

ಫಾನ್ ಫಾದಿಂದ ಮಹಾಚಾಯ್ ರಸ್ತೆ ಹಿಡಿದು ನಡೆದರೆ ಸಾಮ್ ಯೋಟ್ ಮೆಟ್ರೊ ನಿಲ್ದಾಣ. ಮುಂದಿನ ನಿಲ್ದಾಣ ವಾಟ್ ಮಂಗ್‌ಕೋನ್, ಮೇಲೆ ಬಂದರೆ ಚೈನಾಟೌನ್, ಪಕ್ಕದಲ್ಲೇ ಯಾವರಾತ್ ರಸ್ತೆ. ಈ ಮೆಟ್ರೊದ ಟಿಕೆಟ್, ಮೇಲ್ಸೇತುವೆಯಲ್ಲಿ ಓಡುವ ಬಿಟಿಎಸ್ ರೈಲಿಗೆ ನಡೆಯುವುದಿಲ್ಲ, ಎರಡೂ ಬೇರೆ ಬೇರೆ. ಯಾವರಾತ್‌ಗೆ ಕತ್ತಲಾದ ಮೇಲೆ ಹೋಗಿ, ಗಾಡಿಗಳು ಫುಟ್‌ಪಾತ್ ತುಂಬಾ ಇರುತ್ತವೆ, ಜನ ಜಾಸ್ತಿ, ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ. ತಿಂದು ಮುಗಿಸುವ ಹೊತ್ತಿಗೆ ಕಾಲುವೆ ಬೋಟು ನಿಂತುಹೋಗಿರಬಹುದು, ವಾಪಸ್ ಮೆಟ್ರೊದಲ್ಲೇ ಬನ್ನಿ. ಸೋಮವಾರ ಮಾತ್ರ ಬೇಡ, ಅವತ್ತು ಸುಮಾರು ಗಾಡಿಗಳಿಗೆ ರಜೆ.