ಕಾರಿನ ಸ್ಟೀರಿಯೋ ಬದಲಿಸಿದರೆ, ಹಣ ಕೊಡುವ ಮುನ್ನ ಧಾರವಾಡ ಆಕಾಶವಾಣಿ ಹಿಡಿದು ನೋಡಿ

ಗದಗದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುವ ನಾನು ದಾರಿಯುದ್ದಕ್ಕೂ ಧಾರವಾಡ ಆಕಾಶವಾಣಿ ಕೇಳುವವನು. ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ, ಕಾರಿನ ಜೊತೆಗೆ ಬಂದಿದ್ದ ಸ್ಟೀರಿಯೋ ತೆಗೆಸಿ, 14,000 ರೂಪಾಯಿ ಕೊಟ್ಟು ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಅವರು ಬ್ಲೂಟೂತ್ ಹಾಡು ಕೇಳಿಸಿದರು, ಹಿಂಬದಿ ಕ್ಯಾಮೆರಾ ತೋರಿಸಿದರು; ರೇಡಿಯೋ ಹಚ್ಚಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಧಾರವಾಡದ 765 ಕಿಲೋಹರ್ಟ್ಸ್ ಹುಡುಕಿದರೆ ಆ ಸಂಖ್ಯೆಯೇ ಪರದೆಯ ಮೇಲೆ ಬರಲಿಲ್ಲ. 760 ಆದ ಮೇಲೆ ನೇರವಾಗಿ 770. ಎರಡರಲ್ಲಿಯೂ ಮಾತು ಒಡೆದೊಡೆದು, ಅದರ ಮೇಲೊಂದು ಕರಕರ ಸದ್ದಿನೊಂದಿಗೆ ಕೇಳುತ್ತಿತ್ತು. ಎಫ್‌ಎಂ ಕೇಂದ್ರಗಳೂ ಹುಬ್ಬಳ್ಳಿ ಬಿಟ್ಟು ಶಿರಗುಪ್ಪಿ ತಲುಪುವಷ್ಟರಲ್ಲಿ ಮಾಯವಾಗುತ್ತಿದ್ದವು. ಅಂಗಡಿಗೆ ಮರಳಿ ಹೋದಾಗ ಬಂದ ಉತ್ತರ: “ಸ್ಟೇಷನ್ನ ವೀಕ್ ಐತ್ರೀ ಸರ್, ಈಗ ರೇಡಿಯೋ ಯಾರ್ ಕೇಳತಾರ?” ಆದರೆ ಧಾರವಾಡದ ಮಧ್ಯಮ ತರಂಗದ (ಎಎಂ) ಪ್ರೇಷಕ, ಅಂದರೆ ಟ್ರಾನ್ಸ್‌ಮಿಟರ್, 200 ಕಿಲೋವ್ಯಾಟ್ ಸಾಮರ್ಥ್ಯದ್ದು, ಅದರ ಅಲೆ ನೆಲವನ್ನು ಹಿಡಿದು ಬಹುದೂರ ಸಾಗುತ್ತದೆ, ನೆರೆಮನೆಯವರ ಹಳೆಯ ಕಾರಿನಲ್ಲಿ ಅದೇ ರಸ್ತೆಯಲ್ಲಿ ಅದೇ ಕೇಂದ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಉತ್ತರವನ್ನು ನಂಬಿ ಎರಡು ತಿಂಗಳು ಸುಮ್ಮನಿದ್ದುದಕ್ಕೆ ನನಗೆ ಇಂದಿಗೂ ಬೇಸರವಿದೆ.

ಕೊನೆಗೆ ಗದಗದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದರು. ಯಾವ ದೇಶದ ರೇಡಿಯೋ ಎಂದು ಹೇಳುವ ಸ್ಟೀರಿಯೋದ ಸೆಟ್ಟಿಂಗ್ ಅಮೆರಿಕಕ್ಕೆ ಇತ್ತು. ಅಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 10 ಕಿಲೋಹರ್ಟ್ಸ್, ನಮ್ಮಲ್ಲಿ 9. 765 ಎಂಬುದು 9ರ ಮಗ್ಗಿಯಲ್ಲಿ ಬರುತ್ತದೆ, 10ರ ಮಗ್ಗಿಯಲ್ಲಿ ಬರುವುದಿಲ್ಲವಾದ್ದರಿಂದ ಅಮೆರಿಕದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಎಫ್‌ಎಂನಲ್ಲಿಯೂ ಆ ಸೆಟ್ಟಿಂಗ್ 0.2 ಮೆಗಾಹರ್ಟ್ಸ್‌ನಂತೆ ಜಿಗಿದು, ಬಿಂದುವಿನ ನಂತರ ಬೆಸ ಅಂಕೆ ಇರುವ ಕೇಂದ್ರಗಳಲ್ಲಿ ಮಾತ್ರ ನಿಲ್ಲುತ್ತದೆ. ಇದನ್ನು ಬದಲಿಸುವ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಬೇಕಾಗಿತ್ತು. ಅದನ್ನು ಅಂಗಡಿಯವರಿಂದ ಪಡೆಯಲು ಮೂರು ಸಲ ಫೋನ್ ಮಾಡಬೇಕಾಯಿತು. ನೀವು ಹಾಕಿಸುವ ದಿನವೇ ಬರೆಸಿಕೊಳ್ಳಿ.

ಅದಕ್ಕಿಂತ ದೊಡ್ಡ ತಪ್ಪು ವೈರಿಂಗ್‌ನಲ್ಲಿತ್ತು. ನನ್ನ ಕಾರಿನ ಮೇಲಿರುವ ಗಿಡ್ಡ ಆಂಟೆನಾ ಹಿಡಿಯುವ ಸಂಕೇತ ಬಹಳ ಸಣ್ಣದು, ಆದ್ದರಿಂದ ಅದರ ಬುಡದಲ್ಲಿ ಆ ಸಂಕೇತವನ್ನು ಹಿಗ್ಗಿಸುವ ಪುಟ್ಟ ಆಂಪ್ಲಿಫೈಯರ್ ಕೂಡಿಸಿರುತ್ತಾರೆ. ಅದಕ್ಕೆ 12 ವೋಲ್ಟ್ ಕೊಡಬೇಕಾದ ಸ್ಟೀರಿಯೋದ ನೀಲಿ ವೈರನ್ನು ಎಲ್ಲಿಯೂ ಜೋಡಿಸದೆ, ಟೇಪು ಸುತ್ತಿ ಒಳಗೆ ತುರುಕಿದ್ದರು. ಹಾಡಿಗೂ ಕ್ಯಾಮೆರಾಕ್ಕೂ ಆ ವೈರು ಬೇಕಿಲ್ಲವಾದ್ದರಿಂದ ಅಂಗಡಿಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಇಷ್ಟು ಸಾಲದೆಂಬಂತೆ, ವೈರು ಕತ್ತರಿಸದೆ ಜೋಡಿಸಲು ಕೆಲವು ನೂರು ರೂಪಾಯಿಗೆ ಸಿಗುವ ಕಪ್ಲರ್ ಬಳಸುವ ಬದಲು ಕಂಪನಿಯ ವೈರುಗಳನ್ನು ಕತ್ತರಿಸಿ ಕೈಯಿಂದ ಹೊಸೆದಿದ್ದರು. ಇಂಥ ಜೋಡಣೆ ಸಡಿಲಾಗಿ ಒಂದಕ್ಕೊಂದು ತಾಗಿದರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹೊತ್ತಿಕೊಳ್ಳಬಹುದು. ವೈರು ಕತ್ತರಿಸುತ್ತೇವೆ ಎನ್ನುವವರ ಕೈಗೆ ದಯವಿಟ್ಟು ಕಾರು ಕೊಡಬೇಡಿ.

ನೀಲಿ ವೈರು ಜೋಡಿಸಿದ ಕೂಡಲೇ ಎಫ್‌ಎಂ ಸರಿಹೋಯಿತು, ಧಾರವಾಡದಲ್ಲಿ ಮಾತ್ರ ಕರಕರ ಉಳಿಯಿತು. ಅದು ಅದೇ ಅಂಗಡಿಯವರು ಉಚಿತವಾಗಿ ಕೊಟ್ಟಿದ್ದ ಮೊಬೈಲ್ ಚಾರ್ಜರಿನ ಕೆಲಸ. ಅಗ್ಗದ ಚಾರ್ಜರುಗಳ ಒಳಗಿನ ಸರ್ಕ್ಯೂಟ್ ಎಬ್ಬಿಸುವ ವಿದ್ಯುತ್ ಗದ್ದಲವನ್ನು ಮಧ್ಯಮ ತರಂಗದ ರೇಡಿಯೋ ಸದ್ದಾಗಿಯೇ ಹಿಡಿಯುತ್ತದೆ, ಎಫ್‌ಎಂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಆದ್ದರಿಂದ ಅಂಗಡಿಯ ಮುಂದೆಯೇ ಎಂಜಿನ್ ಚಾಲೂ ಮಾಡಿ, ಚಾರ್ಜರ್ ಮತ್ತು ಹೆಡ್‌ಲೈಟ್ ಹಚ್ಚಿ 765 ಕೇಳಿ ನೋಡಿ. ಒಂದೊಂದನ್ನೇ ಬಂದ್ ಮಾಡುತ್ತ ಹೋದರೆ ಗದ್ದಲ ಎಲ್ಲಿಂದ ಬರುತ್ತದೆಂದು ಅಲ್ಲಿಯೇ ತಿಳಿಯುತ್ತದೆ. ನಾನು ಚಾರ್ಜರ್ ಕಿತ್ತ ಕ್ಷಣವೇ ಧಾರವಾಡ ತಿಳಿಯಾಗಿ ಕೇಳಿಸಿತು.